ತಲೆ ಎಣಿಕೆ

"ಇವತ್ತು ತಲೆ ಸ್ವಲ್ಪ ಕಡಿಮೆ ಅಲ್ಲಾಡಿಸು ಕಣೇ. ನಿನ್ನೆ ಟಿವಿಯಲ್ಲಿ ನಿನ್ನನ್ನ ನೋಡ್ತಾ ನೋಡ್ತಾ ನನ್ನ ಕುತ್ತಿಗೇನೇ ಹಿಡ್ಕೊಂಡ್ಬಿಡ್ತು," ಎಂದರು ಅತ್ತೆ, ಬ್ರೆಡ್ಡಿನ ಮೇಲೆ ಬೆಣ್ಣೆ ಸವರುತ್ತಾ.

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಸೊಸೆಯೂ ಒಂದು ಮಾತು ಅಂದು ಹಗುರಾಗಬಹುದಿತ್ತು. ಅತ್ತೆ ನಿಜವಾಗಿಯೂ ಅವಳ ಕುತ್ತಿಗೆಯ ಬಗ್ಗೆಯೇ ಯೋಚಿಸುತ್ತಿದ್ದರು. ಸೊಸೆ ದೇಶದ ಸದನಕ್ಕೆ ಆರಿಸಿ ಬಂದಾಗ, ಅಷ್ಟು ದೊಡ್ಡ ಊರಲ್ಲಿ ಅವಳೊಬ್ಬಳೇ ಹೇಗಿರ್ತಾಳೆ ಎಂದು ಆಟದ ಮೇಷ್ಟ್ರಾದ ಮಗನನ್ನು ಅವನ ಶಾಲೆ, ಅವನ ಮೈದಾನದ ಜೊತೆ ಊರಲ್ಲೇ ಬಿಟ್ಟು, ತಮ್ಮ ಮೊಣಕಾಲಿನ ಪಟ್ಟಿ, ಎಣ್ಣೆ ಸೀಸೆ ಕಟ್ಟಿಕೊಂಡು ರಾಜಧಾನಿಗೆ ಬಂದು ಸದಸ್ಯರ ವಸತಿಗೃಹದ ಮೂರನೇ ಮಹಡಿಯಲ್ಲಿ ಕೂತವರು ಅವರು. ಕಲಾಪ ಟಿವಿಯಲ್ಲಿ ಬರುವಾಗ ಬೇರೆ ಚಾನೆಲ್ ಹಾಕುವುದಿಲ್ಲ. ನಾಯಕರು ಏನು ಹೇಳಿದರೆಂದು ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ನಾಯಕರ ಎಡ ಭುಜದ ಮೇಲೆ ಸೊಸೆಯ ಮುಖ ಕಾಣುತ್ತದೆ, ಅದು ಮೇಲೆ ಕೆಳಗೆ ಆಡುತ್ತದೆ, ಅಷ್ಟು ಗೊತ್ತು. ಅವಳು ಬ್ರೆಡ್ಡು ಕಚ್ಚಿದಳು. ಹಲ್ಲಿನ ಡಾಕ್ಟರಾಗಿ ಎಷ್ಟೋ ವರ್ಷ ಜನರಿಗೆ ನಿಧಾನವಾಗಿ ಅಗಿಯಿರಿ, ಎರಡೂ ಕಡೆ ಅಗಿಯಿರಿ ಎಂದು ಹೇಳಿ ಹೇಳಿ ರೂಢಿಯಾದವಳಿಗೆ ಈಚೆಗೆ ತಾನು ಅಗಿಯದೇ ನುಂಗುತ್ತಿರುವುದು ಗಮನಕ್ಕೆ ಬಂದಿತ್ತು. "ಆಯ್ತು ಅತ್ತೆ, ಕಡಿಮೆ ಮಾಡ್ತೀನಿ," ಎಂದಳು. ಅಂದ ಮೇಲೆ, ಈ ಒಂದು ಮಾತಿಗೂ ತಾನು ತಲೆ ಆಡಿಸಿಯೇ ಅಂದೆ ಎಂಬುದು ಹೊಳೆದು, ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ವಸತಿಗೃಹದಿಂದ ಸದನಕ್ಕೆ ನಡೆದೇ ಹೋಗಬಹುದು. ಬೀದಿಯ ತಿರುವಿನಲ್ಲಿ ಪೇಪರು ಮಾರುವವನು ಅವಳನ್ನು ಕಂಡೊಡನೆ ಎಂದಿನಂತೆ ಗಂಭೀರವಾಗಿ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಪಕ್ಕದಲ್ಲಿದ್ದವನು ಮುಖ ಆಚೆ ತಿರುಗಿಸಿ ನಕ್ಕ. ಟಿವಿಯ ನಗೆ ಕಾರ್ಯಕ್ರಮದಲ್ಲಿ ಅವಳು ತಲೆ ಆಡಿಸುವ ತುಣುಕುಗಳನ್ನು ಒಂದಕ್ಕೊಂದು ಅಂಟಿಸಿ, ಹಿಂದೆ ತಾಳ ಹಾಕಿ ತೋರಿಸಿದ ಮೇಲೆ ಅವಳಿಗೆ 'ಹೂಂ ಮೇಡಂ' ಎಂಬ ಹೆಸರು ಬಂದಿತ್ತು. ಊರಿನಲ್ಲೂ ಅದೇ. ಹೋದ ಸಲ ಹೋದಾಗ, ಅವಳೇ ದವಡೆ ಹಲ್ಲು ಕಿತ್ತಿದ್ದ ಮರದಂಗಡಿಯ ಯಜಮಾನರು, ಪ್ರೀತಿಯಿಂದಲೇ, ಕೈ ಹಿಡಿದುಕೊಂಡು ಅಂದಿದ್ದರು: "ನಮ್ಮೆಲ್ಲರ ಬಾಯಿ ತೆಗೆಸ್ತಿದ್ದೋರು ನೀವು. ಅಲ್ಲಿ ಹೋಗಿ ಬಾಯಿ ಮುಚ್ಕೊಂಡು ಕೂತ್ಬಿಟ್ರಲ್ಲ ಡಾಕ್ಟ್ರೇ." ಸುತ್ತ ಇದ್ದವರು ನಕ್ಕರು. ಅವಳೂ ನಕ್ಕಳು. ಕಾರಿನಲ್ಲಿ ಕೂತ ಮೇಲೆ ಗಂಡ, "ಅವರು ತಮಾಷೆಗೆ ಅಂದಿದ್ದು," ಎಂದ. ಅಷ್ಟು ಹೇಳದೇ ಇದ್ದಿದ್ದರೆ ಅದು ತಮಾಷೆಯಾಗಿಯೇ ಉಳಿಯುತ್ತಿತ್ತೇನೋ.

ಮೊದಲ ದಿನ ಸದನದಲ್ಲಿ ಅವಳಿಗೆ ಆಸನ ತೋರಿಸಿದವರು ಪಕ್ಷದ ಸಚೇತಕರು. ಯಾರು ಎಲ್ಲಿ ಕೂರಬೇಕು, ಯಾರು ಮಾತಾಡಬೇಕು, ಯಾವುದಕ್ಕೆ ಕೈ ಎತ್ತಬೇಕು ಎಂದು ನೋಡಿಕೊಳ್ಳುವವರು. ಸದಾ ಮಣಿಕಟ್ಟು ತಿರುಗಿಸಿ ಹೊತ್ತು ನೋಡುವುದರಿಂದ ಬೆನ್ನ ಹಿಂದೆ ಎಲ್ಲರೂ ಅವರನ್ನು 'ಗಡಿಯಾರ' ಎನ್ನುತ್ತಾರೆ. "ನಿಮ್ಮ ಅದೃಷ್ಟ ನೋಡಿ ಮೇಡಂ. ಹತ್ತು ವರ್ಷ ಇದ್ದೋರಿಗೂ ಸಿಕ್ಕಿಲ್ಲ. ನಾಯಕರ ಬೆನ್ನಿಗೇ ಸೀಟು!" ಅವಳು ಹೊರಗೆ ಬಂದು ಗಂಡನಿಗೆ ಫೋನು ಮಾಡಿ, ಚಿಕ್ಕ ಹುಡುಗಿಯ ಹಾಗೆ, "ನಾಯಕರ ಹಿಂದೆನೇ ಕಣ್ರೀ," ಎಂದಿದ್ದಳು. ತನ್ನ ಪಕ್ಕ ಓಟದಲ್ಲಿ ಪದಕ ಗೆದ್ದು ರಾಜಕೀಯಕ್ಕೆ ಬಂದ ಹುಡುಗಿ, ಅವಳ ಪಕ್ಕ ಇನ್ನೊಬ್ಬ ಹೆಂಗಸು, ಹಿಂದಿನ ಸಾಲಿನಲ್ಲಿ ಮತ್ತಿಬ್ಬರು. ಪಕ್ಷದಲ್ಲಿದ್ದ ಹೆಂಗಸರೆಲ್ಲ ಅಲ್ಲೇ, ಒಂದೇ ಬುಟ್ಟಿಯಲ್ಲಿ ಜೋಡಿಸಿಟ್ಟ ಹಾಗೆ. ಯಾಕೆಂದು ತಿಳಿದದ್ದು ಆ ಸಂಜೆ ಟಿವಿ ನೋಡಿದಾಗ. ಕ್ಯಾಮೆರಾ ನಾಯಕರ ಮುಖ ಹಿಡಿದರೆ ಅವರ ಸುತ್ತ ಬರೀ ಹೆಂಗಸರೇ ಕಾಣುತ್ತಾರೆ. ಆಚೆ ಈಚೆ ಎತ್ತ ನೋಡಿದರೂ ಗಂಡಸರೇ ತುಂಬಿದ್ದ ಆ ದೊಡ್ಡ ಸಭಾಂಗಣ ಟಿವಿಯಲ್ಲಿ ಹೆಣ್ಣುಮಕ್ಕಳ ಕಾಲೇಜಿನ ಹಾಗೆ ಕಂಡಿತು. ಕೆಳಗಿನ ಮಹಡಿಯ ಹೆಂಗಸು ಅತ್ತೆಗೆ ಹೇಳಿದ್ದರಂತೆ: "ಈಗೇನು ಬಿಡಿ, ಎಲ್ಲಾ ಕಡೆ ನಮ್ಮವರೇ. ಪಾಪ ಗಂಡಸರಿಗೇ ಜಾಗ ಇಲ್ಲ."

ತಲೆ ಆಡಿಸಲು ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ವಾರ ನಾಯಕರು ಹಳ್ಳಿಯ ಆಸ್ಪತ್ರೆಗಳ ಬಗ್ಗೆ ಮಾತಾಡುತ್ತಾ, ನೋವು ಅನ್ನೋದು ಬಡವರಿಗೆ ಯಾವತ್ತೂ ರಾತ್ರಿಯೇ ಬರುತ್ತೆ, ಯಾಕಂದ್ರೆ ಹಗಲು ಅವರಿಗೆ ಅದನ್ನ ಗಮನಿಸೋಕೆ ಪುರುಸೊತ್ತಿಲ್ಲ ಎಂದಿದ್ದರು. ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಬೆಳಗ್ಗೆ ಊದಿದ ಕೆನ್ನೆ ಹಿಡಿದುಕೊಂಡು ತನ್ನ ಬಾಗಿಲ ಮುಂದೆ ಕೂತಿರುತ್ತಿದ್ದವರ ಮುಖ ನೆನಪಾಗಿ, ತಾನಾಗಿಯೇ ತಲೆ ಆಡಿತು. ಊಟದ ಬಿಡುವಿನಲ್ಲಿ ಗಡಿಯಾರ ಓಡಿ ಬಂದು, "ಸೂಪರ್ ಮೇಡಂ! ಅದನ್ನೇ ಹಾಗೇ ಮಾಡ್ತಾ ಇರಿ. ಆಮೇಲೆ ಒಂದು, ತಿಳಿ ಬಣ್ಣದ ಬಟ್ಟೆ ಹಾಕಿ, ಗಾಢ ಆದ್ರೆ ನಾಯಕರ ಕೋಟಿನ ಜೊತೆ ಸೇರ್ಕೊಂಡು ಬಿಡತ್ತೆ," ಎಂದರು. ಹೀಗೆ ನಿಜವಾಗಿ ಹುಟ್ಟಿದ್ದೊಂದು ನೌಕರಿಯಾಯಿತು. ರಸ್ತೆ, ಬಂದರು, ತೆರಿಗೆ, ಗೋಧಿ, ಎಲ್ಲಕ್ಕೂ ಆಡಿತು. ಮಾತಾಡಲು ಹೆಸರು ಕೊಟ್ಟಾಗಲೆಲ್ಲ ಗಡಿಯಾರ ಮಣಿಕಟ್ಟು ತಿರುಗಿಸಿ, "ಇವತ್ತು ಟೈಮಿಲ್ಲ ಮೇಡಂ. ನೀವು ಎದ್ದು ಆ ಕಡೆ ಮೈಕಿಗೆ ಹೋದ್ರೆ ಇಲ್ಲಿ ಜಾಗ ಖಾಲಿ ಕಾಣತ್ತೆ," ಎನ್ನುತ್ತಿದ್ದರು.

ಆದರೆ ನಾಯಕರು ಕೆಟ್ಟವರಲ್ಲ, ಅದೇ ತೊಡಕು. ಅಪ್ಪ ತೀರಿಕೊಂಡಾಗ ಖುದ್ದು ಫೋನು ಮಾಡಿ ಅವಳ ಅಳು ನಿಲ್ಲುವವರೆಗೆ ಲೈನಿನಲ್ಲಿದ್ದವರು. ಅತ್ತೆಯ ಮೊಣಕಾಲನ್ನು ಇವತ್ತಿಗೂ ವಿಚಾರಿಸುತ್ತಾರೆ. ಟಿಕೆಟ್ಟು ಕೊಟ್ಟವರೂ ಅವರೇ. ಪಕ್ಷ ಹುಟ್ಟಿದಾಗಿನಿಂದ ಒಮ್ಮೆಯೂ ಗೆಲ್ಲದ ಕ್ಷೇತ್ರ ಅದು. ಅಲ್ಲಿ ಹೆಂಗಸನ್ನು ನಿಲ್ಲಿಸಿದರೆ ಕಳೆದುಕೊಳ್ಳುವುದೇನೂ ಇರಲಿಲ್ಲ, ಹೆಸರೂ ಬರುತ್ತಿತ್ತು. ಅವಳಿಗೆ ಅದು ಆಗ ಗೊತ್ತಿರಲಿಲ್ಲ. ಊರಿನ ಅರ್ಧ ಜನ ಒಂದಲ್ಲ ಒಂದು ದಿನ ಅವಳ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಅವಳನ್ನು ನಂಬಿದವರು. ಅವರು ಇನ್ನೊಂದು ಸಲ ನಂಬಿದರು. ಫಲಿತಾಂಶದ ದಿನ ನಾಯಕರು ಫೋನಿನಲ್ಲಿ ಮೊದಲು ಅಂದದ್ದು "ಅಭಿನಂದನೆ" ಎಂದಲ್ಲ. "ಗೆದ್ದೇ ಬಿಟ್ರಾ!" ಎಂದಿದ್ದರು. ಆ ದನಿಯಲ್ಲಿದ್ದ ಬೆರಗನ್ನು ಅವಳು ಅವತ್ತು ಪ್ರೀತಿ ಎಂದುಕೊಂಡಿದ್ದಳು.

ಸದನದ ಮೆಟ್ಟಿಲುಗಳನ್ನು ಎಂದಿಗಿಂತ ನಿಧಾನವಾಗಿ ಹತ್ತಿದಳು. ಇವತ್ತು ಆ ಮಸೂದೆ ಬರುತ್ತದೆ. ಪ್ರತಿಯೊಂದು ಪಕ್ಷವೂ ಚುನಾವಣೆಗೆ ನಿಲ್ಲಿಸುವ ಮೂವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು, ಇಲ್ಲದಿದ್ದರೆ ಆ ಪಕ್ಷಕ್ಕೆ ಚಿಹ್ನೆ ಇಲ್ಲ ಎನ್ನುವ ಮಸೂದೆ. ಬರುತ್ತದೆ ಎಂದರೆ ಬಂದು ಹೋಗುತ್ತದೆ. ಎಲ್ಲರೂ ಹೊಗಳುತ್ತಾರೆ, ಹೊಗಳಿದ ಮೇಲೆ ಇನ್ನಷ್ಟು ಆಳವಾದ ಅಧ್ಯಯನವಾಗಲಿ ಎಂದು ಸಮಿತಿಗೆ ಕಳಿಸಿ ಮಲಗಿಸಿಬಿಡುವ ನಿರ್ಣಯ ಮಂಡಿಸುತ್ತಾರೆ. ಅಧ್ಯಕ್ಷರು, ಒಪ್ಪುವವರು ಹೌದು ಎನ್ನಿ, ಒಪ್ಪದವರು ಇಲ್ಲ ಎನ್ನಿ ಎನ್ನುತ್ತಾರೆ. ಹೌದು ಎಂಬ ಸದ್ದಿಗೆ ಕಿಟಕಿಯ ಗಾಜು ನಡುಗುತ್ತದೆ. ಯಾರು ಕೂಗಿದರು ಎಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಯಾರ ತುಟಿಯೂ ಅಲ್ಲಾಡಿರದ ಹಾಗೆ ಇರುತ್ತದೆ. ಆಗ ಎದುರು ಪಕ್ಷದಿಂದ ಒಬ್ಬ ಹೆಂಗಸು ಮಾತ್ರ ಎದ್ದು, "ಎಣಿಸಿ," ಎನ್ನುತ್ತಾರೆ. ಎಣಿಸಬೇಕಾದರೆ ಎರಡೂ ಕಡೆಯಿಂದ ಒಬ್ಬೊಬ್ಬರು ಕೇಳಬೇಕು, ಅದು ನಿಯಮ. ಅಧ್ಯಕ್ಷರು ಈ ಕಡೆ ನೋಡುತ್ತಾರೆ. ಈ ಕಡೆ ಯಾರೂ ಏಳುವುದಿಲ್ಲ. ಹೋದ ಸಲ ಆ ಎದುರಿನ ಹೆಂಗಸಿನ ಕಣ್ಣು ಸಾಲು ಸಾಲು ದಾಟಿ ಬಂದು ಅವಳ ಮೇಲೆ ನಿಂತಿತ್ತು. ಅವಳು ತನ್ನ ಉಗುರು ನೋಡಿಕೊಂಡಿದ್ದಳು. ಹೆಬ್ಬೆರಳಿನ ಉಗುರಿನ ಬುಡದ ಬಿಳಿ ಅರ್ಧಚಂದ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಲಾಪಕ್ಕೆ ಮೊದಲು ಮುಖ ತೊಳೆಯಲು ಹೋದಳು. ಹೆಂಗಸರ ಶೌಚಾಲಯ ಇರುವುದು ಮೇಲಿನ ಮಹಡಿಯ ತುದಿಯಲ್ಲಿ, ಮುರಿದ ಕುರ್ಚಿಗಳ ಕೋಣೆ ದಾಟಿ. ಕಟ್ಟಡ ಕಟ್ಟಿದವರಿಗೆ ಹೆಂಗಸರೂ ಇಲ್ಲಿಗೆ ಬಂದಾರು ಎಂಬುದು ತಲೆಗೆ ಹೋಗಿರಲಿಲ್ಲ. ಆಮೇಲೆ ಗಂಡಸರದನ್ನೇ ಅರ್ಧಕ್ಕೆ ಗೋಡೆ ಹಾಕಿ ಕೊಟ್ಟಿದ್ದರು. ಗೋಡೆಗಿದ್ದ ಗಂಡಸರ ಮೂತ್ರದ ತೊಟ್ಟಿಗಳನ್ನು ಕೀಳುವ ಗೋಜಿಗೆ ಹೋಗದೆ ಮೇಲೆ ಹಲಗೆ ಹೊಡೆದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು. ಎರಡೂ ಪಕ್ಷದ ಹೆಂಗಸರು ಒಬ್ಬರನ್ನೊಬ್ಬರು ನೋಡುವುದು ಅಲ್ಲೇ. ಇವತ್ತು ಕನ್ನಡಿಯ ಮುಂದೆ ನಿಂತಿದ್ದವರು ಅವರೇ. ಎದುರು ಪಕ್ಷದ ಆ ಹೆಂಗಸು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಬಂದ ಟೀಚರಮ್ಮ. ಬಾಯಿ ಓರೆ ಮಾಡಿ ಕೆನ್ನೆಯನ್ನು ಬೆರಳಿನಿಂದ ಒತ್ತಿಕೊಳ್ಳುತ್ತಿದ್ದರು. ಅವಳು ಹಿಂದೆಗೆದು ಹೋಗಿಬಿಡೋಣ ಎನ್ನುವಷ್ಟರಲ್ಲಿ ಕನ್ನಡಿಯೊಳಗಿಂದಲೇ ಕಣ್ಣಿನಲ್ಲಿ ಹಿಡಿದರು.

"ಡಾಕ್ಟ್ರೇ, ಸರಿಯಾದ ಹೊತ್ತಿಗೆ ಬಂದ್ರಿ. ಈ ಹಲ್ಲು ಒಂದು ಸಲ ನೋಡ್ತೀರಾ? ಮೂರು ದಿನದಿಂದ ಪ್ರಾಣ ಹಿಂಡ್ತಾ ಇದೆ."

"ಇಲ್ಲಿ ಹೇಗೆ..."

"ಬಾಯಿ ಇಲ್ಲೇ ಇದೆಯಲ್ಲಾ."

ಅವಳು ಕೈ ತೊಳೆದು, ಕನ್ನಡಕ ಸರಿಮಾಡಿಕೊಂಡು, ಫೋನಿನ ಬೆಳಕು ಹಾಕಿ, ಗಲ್ಲ ಹಿಡಿದು ಮೇಲೆತ್ತಿದಳು. "ಇನ್ನೂ ದೊಡ್ಡದಾಗಿ ತೆಗೀರಿ. ನಾಲಿಗೆ ಆ ಕಡೆ." ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಬಾಯೊಳಗೆ ನೋಡುತ್ತಿದ್ದಳು. ಕೈ ತಾನಾಗಿ ಸ್ತಿಮಿತಕ್ಕೆ ಬಂತು, ದನಿ ತಾನಾಗಿ ತಗ್ಗಿ ಗಟ್ಟಿಯಾಯಿತು. ಕೊನೆಯ ದವಡೆ ಹಲ್ಲು, ಒಳಗಿನಿಂದ ಟೊಳ್ಳು. ಹಳೆಯ ಕಾಲದ ಬೆಳ್ಳಿಯ ಫಿಲ್ಲಿಂಗ್ ಒಂದು ಕಡೆ ಎದ್ದಿತ್ತು. ವಿರೋಧ ಪಕ್ಷದ ಬಾಯಿ ಎಲ್ಲ ಬಾಯಿಗಳ ಹಾಗೆಯೇ ಇತ್ತು: ಬೆಚ್ಚಗೆ, ಸ್ವಲ್ಪ ಹೆದರಿಕೊಂಡು.

"ಫಿಲ್ಲಿಂಗ್ ಸಡಿಲ ಆಗಿದೆ. ಸಂಜೆ ನನ್ನ ಮನೆಗೆ ಬನ್ನಿ, ಸದ್ಯಕ್ಕೆ ಏನಾದ್ರೂ ಹಾಕ್ತೀನಿ. ಬಿಸಿದು, ತಣ್ಣಗಿಂದು ಎರಡೂ ಬೇಡ. ಆ ಕಡೆ ಅಗೀಬೇಡಿ."

"ಅಗಿಯೋದಿರಲಿ, ಕೂಗ್ಬಹುದಾ?" ಎಂದರು ಟೀಚರಮ್ಮ, ಗಲ್ಲ ಒರೆಸಿಕೊಳ್ಳುತ್ತಾ. ಅವಳು ಫೋನಿನ ಬೆಳಕು ಆರಿಸಿದಳು. ಟೀಚರಮ್ಮ ಕನ್ನಡಿ ಬಿಟ್ಟು ನೇರವಾಗಿ ಅವಳ ಕಡೆ ತಿರುಗಿದರು. "ನೋಡಿ, ಕೂಗಿನಲ್ಲಿ ನಾವು ಯಾವತ್ತೂ ಗೆಲ್ಲಲ್ಲ. ಅವರ ಗಂಟಲು ಜಾಸ್ತಿ. ಆದ್ರೆ ಎಣಿಕೆ ಅಂತ ಆದ್ರೆ ಒಬ್ಬೊಬ್ರೂ ಎದ್ದು ನಿಲ್ಬೇಕು. ಕ್ಯಾಮೆರಾ ಮುಖದ ಮೇಲೆ ಬರತ್ತೆ. ಹೆಂಡತಿ ನೋಡ್ತಾಳೆ, ಮಗಳು ನೋಡ್ತಾಳೆ, ಊರಿನ ಹೆಂಗಸರೆಲ್ಲಾ ನೋಡ್ತಾರೆ. ಎಷ್ಟು ಜನ ಎದ್ದು ನಿಂತು ಸಮಿತಿಗೆ ಕಳಿಸಿ ಅಂತಾರೆ, ನಾನೂ ನೋಡ್ಬೇಕು."

"ನಿಮ್ಮ ಕಡೆ ಗಂಡಸರು?"

"ನಮ್ಮವರಾ? ಅಯ್ಯೋ, ಈ ಒಂದು ವಿಷಯದಲ್ಲಿ ಎರಡೂ ಪಕ್ಷಕ್ಕೆ ಎಷ್ಟು ಅನ್ಯೋನ್ಯ ಅಂತೀರಿ! ನಮ್ಮವರೂ ಹೌದು ಅಂತಾನೇ ಕೂಗೋದು, ಬಾಯಿಗೆ ಕರವಸ್ತ್ರ ಅಡ್ಡ ಹಿಡ್ಕೊಂಡು."

ಅವಳಿಗೆ ನಗು ಬಂತು, ಅರ್ಧಕ್ಕೆ ನಿಂತಿತು. "ನನ್ನನ್ನ ಪಕ್ಷದಿಂದ ಹೊರಗೆ ಹಾಕ್ತಾರೆ."

"ಹಾಕ್ಬಹುದು. ಹಾಕಿದ್ರೆ ಮತ್ತೆ ಹಲ್ಲು ಕೀಳ್ತೀರಿ. ನಿಮಗೊಂದು ಕೆಲಸ ಬರತ್ತಲ್ಲಮ್ಮ. ಒಳಗೆ ಕೂತಿರೋ ಎಷ್ಟೋ ಜನಕ್ಕೆ ಇದು ಬಿಟ್ರೆ ಬೇರೆ ಏನೂ ಬರಲ್ಲ." ಹೋಗುವಾಗ ಬಾಗಿಲ ಹತ್ತಿರ ನಿಂತರು. "ನಾನು ಬೈಯ್ತಾ ಇಲ್ಲ. ಹೋದ ಸಲ ನೀವು ತಲೆ ಬಗ್ಗಿಸಿದ್ದು ನೋಡ್ದೆ. ನಾನೂ ಮೊದಲ ಎರಡು ವರ್ಷ ಬಗ್ಗಿಸಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಗಡಿಯಾರ ಸಿಕ್ಕಿದರು. "ಎಲ್ಲಿ ಹೋಗ್ಬಿಟ್ರಿ ಮೇಡಂ! ಇವತ್ತು ತುಂಬ ಮುಖ್ಯ. ನಾಯಕರು ಒಂದು ಕಡೆ, 'ನಮ್ಮ ಸಹೋದರಿಯರೇ ಅವಸರ ಬೇಡ ಅಂದಿದ್ದಾರೆ' ಅಂತಾರೆ. ಅಲ್ಲಿ ಚೆನ್ನಾಗಿ ಒಂದು..." ಎಂದು ತಾವೇ ಕಣ್ಣು ಅರ್ಧ ಮುಚ್ಚಿ ನಿಧಾನವಾಗಿ ತಲೆ ಆಡಿಸಿ ತೋರಿಸಿದರು. ಬೇರೊಬ್ಬರ ಮುಖದ ಮೇಲೆ ತನ್ನ ಮುಖ ನೋಡಿದ ಹಾಗಾಗಿ ಅವಳು ಕಂಬಿ ಹಿಡಿದುಕೊಂಡಳು.

"ನಾವು ಯಾವಾಗ ಹಾಗಂದ್ವಿ?"

"ಅಯ್ಯೋ, ಅದು ಮಾತಿಗೆ ಮೇಡಂ."

"ಯಾರಾದ್ರೂ ನಮ್ಮನ್ನ ಕೇಳಿದ್ರಾ ಅಂತ."

ಗಡಿಯಾರ ನಕ್ಕು ಮಣಿಕಟ್ಟು ತಿರುಗಿಸಿದರು. "ಟೈಮಾಯ್ತು."

ನಾಯಕರು ಮಾತಿಗೆ ಎದ್ದಾಗ ಅವರ ಕತ್ತಿನ ಹಿಂಭಾಗ ಎಂದಿನಂತೆ ಅವಳ ಕಣ್ಣಿನ ಮಟ್ಟಕ್ಕೆ ಬಂತು. ಆ ಕತ್ತನ್ನು ಅವರ ಹೆಂಡತಿಗಿಂತ ಹೆಚ್ಚು ಹೊತ್ತು ನೋಡಿದವಳು ತಾನೇ ಇರಬೇಕು. ಕಿವಿಯ ಹಿಂದೆ ಬಣ್ಣ ತಾಕದೆ ಉಳಿದ ಬಿಳಿ ಕೂದಲ ಒಂದು ತುಂಡು, ಕಾಲರಿನ ಅಂಚಿನಲ್ಲಿ ಉಜ್ಜಿ ಕೆಂಪಾದ ಗೆರೆ. ಮನುಷ್ಯರ ಬೆನ್ನು ನೋಡುತ್ತಾ ಕೂತರೆ ಅವರ ಮೇಲೆ ಸಿಟ್ಟು ಬರುವುದು ಕಷ್ಟ. ನಾಯಕರ ಮಾತು ಸೊಗಸಾಗಿ ಹರಿಯುತ್ತಿತ್ತು. ತಾಯಿ ಬಂದಳು, ಭೂಮಿ ಬಂತು, ತಾಳ್ಮೆ ಬಂತು. ಅವಳಿಗೆ ಇದ್ದಕ್ಕಿದ್ದಂತೆ ತನ್ನ ಚಿಕಿತ್ಸೆಯ ಕುರ್ಚಿಯಲ್ಲಿ ಕೂತ ಒಬ್ಬ ಬಸುರಿಯ ನೆನಪು ಬಂತು. ಚುನಾವಣೆಗೆ ಎರಡು ದಿನ ಮೊದಲು, ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಇವಳ ಕೈ ಹಿಡಿದು, ಏನೋ ಹೇಳಲು ನೋಡಿದ್ದಳು. ಹತ್ತಿ ತೆಗೆದ ಮೇಲೆ, "ಏನಿಲ್ಲ, ನೀವು ಗೆದ್ರೆ ಅಲ್ಲಿ ನಮ್ಮ ಕಡೆಯಿಂದ ಒಂದು ಮಾತು ಹೇಳಿ ಅಂದೆ," ಎಂದಿದ್ದಳು. ಯಾವ ಮಾತು ಎಂದು ಇವಳು ಕೇಳಿರಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. "ಖಂಡಿತ," ಎಂದಿದ್ದಳು. "ನಮ್ಮ ಸಹೋದರಿಯರೇ," ಎನ್ನುತ್ತಿದ್ದರು ನಾಯಕರು, ಬಲಗೈಯನ್ನು ಹಿಂದಕ್ಕೆ, ಅವರೆಲ್ಲರ ಕಡೆಗೆ, ಬೀಸಿ ತೋರಿಸುತ್ತಾ, "ನಮ್ಮ ಸಹೋದರಿಯರೇ ಅವಸರ ಬೇಡ ಅಂದಿದ್ದಾರೆ." ಆ ಮಾತಿಗೆ ಅವಳ ತಲೆ ಮೇಲೆದ್ದು ಕೆಳಗೆ ಬಂತು.

ಅವಳು ಆಡಿಸಲಿಲ್ಲ, ಅದೇ ಆಡಿತು. ಕೆನ್ನೆಯ ಚರ್ಮದ ಕೆಳಗೆ ಬಿಸಿ ಹರಿದು ಕಿವಿಯವರೆಗೆ ಹೋಯಿತು. ಗಲ್ಲ ಎದೆಗೆ ತಾಕಿದಲ್ಲೇ ನಿಂತುಬಿಟ್ಟಿತು, ಇನ್ನು ಮೇಲೆತ್ತಿದರೆ ಒಪ್ಪಿದ ಹಾಗೆ. ಎದುರಿನ ಕ್ಯಾಮೆರಾದ ಕೆಂಪು ದೀಪ ತನ್ನನ್ನೇ ನೋಡುತ್ತಿದೆ. ಮೂರನೇ ಮಹಡಿಯಲ್ಲಿ ಅತ್ತೆ ನೋಡುತ್ತಿದ್ದಾರೆ, ಪೇಪರು ಮಾರುವವನು ನೋಡುತ್ತಿದ್ದಾನೆ, ಆ ಬಸುರಿ, ಈಗ ಮಗುವಿನ ತಾಯಿ, ಎಲ್ಲೋ ನೋಡುತ್ತಿದ್ದಾಳೆ. ಅವಳು ಬಗ್ಗಿದ ತಲೆಯನ್ನು ಹಾಗೆಯೇ ಎಡಕ್ಕೆ ತಿರುಗಿಸಿದಳು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ ಬರುವ ಹೊತ್ತಿಗೆ ತಲೆ ನೆಟ್ಟಗಾಗಿತ್ತು. ಇಲ್ಲ. ಕುತ್ತಿಗೆಯಲ್ಲಿ ಬೀಗದಂಥ ಏನೋ ಕಟಕ್ಕೆಂದು ತೆರೆದುಕೊಂಡಿತು. ಇಲ್ಲ, ನಾವು ಹಾಗನ್ನಲಿಲ್ಲ. ಪ್ರೇಕ್ಷಕರ ಗ್ಯಾಲರಿಯಲ್ಲಿ ಯಾರೋ ಕಿಸಕ್ಕೆಂದರು. ನಗು ಎದುರು ಸಾಲಿಗೆ ಇಳಿಯಿತು, ಅಲ್ಲಿಂದ ತಮ್ಮ ಸಾಲಿಗೇ ಹಬ್ಬಿತು. ನಾಯಕರು ಮಾತು ನಿಲ್ಲಿಸಿದರು, ತಾವು ಹೇಳಿದ್ದರಲ್ಲಿ ನಗುವಂಥದ್ದೇನು ಎಂದು ತಿಳಿಯದೆ ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು, ಕಡೆಗೆ ಹಿಂತಿರುಗಿದರು. ಇಷ್ಟು ಕಾಲದಲ್ಲಿ ಆ ಜಾಗದಿಂದ ಅವರ ಮುಖವನ್ನು ಅವಳು ಎದುರಾಗಿ ನೋಡಿದ್ದು ಅದೇ ಮೊದಲು. ಅವಳ ತಲೆ ಇನ್ನೂ ಆಡುತ್ತಿತ್ತು, ಎಡಕ್ಕೆ, ಬಲಕ್ಕೆ, ನಿಧಾನವಾಗಿ. ಅವರು ಮಗುವಿಗೆ ನಗುವ ಹಾಗೆ ನಕ್ಕು, ಮುಂದಕ್ಕೆ ತಿರುಗಿ ಮಾತು ಮುಗಿಸಿದರು.

"ಒಪ್ಪುವವರು ಹೌದು ಎನ್ನಿ," ಎಂದರು ಅಧ್ಯಕ್ಷರು. ಗಾಜು ನಡುಗಿತು. "ಒಪ್ಪದವರು?" ಅಲ್ಲೊಂದು ಇಲ್ಲೊಂದು ತೆಳ್ಳನೆಯ ಇಲ್ಲ. "ಹೌದು ಎಂದವರ ಧ್ವನಿ..."

"ಎಣಿಸಿ!" ಟೀಚರಮ್ಮ ಕೆನ್ನೆ ಹಿಡಿದುಕೊಂಡೇ ಎದ್ದಿದ್ದರು.

ಅಧ್ಯಕ್ಷರು ಎಂದಿನ ಬೇಸರದಲ್ಲಿ ಈ ಕಡೆ ನೋಡಿದರು. "ಆಡಳಿತ ಪಕ್ಷದಿಂದ ಯಾರಾದರೂ?"

ಸಾಲಿನ ತುದಿಯಿಂದ ಗಡಿಯಾರ ಬಗ್ಗಿ, ಕೈಯನ್ನು ಕೆಳಗೆ ಒತ್ತುತ್ತಾ, ಕೂತಿರಿ ಎಂದು ಸನ್ನೆ ಮಾಡುತ್ತಿದ್ದರು. ಅವಳು ಎದ್ದಳು. ಎದ್ದ ಭರಕ್ಕೆ ಮೊಣಕಾಲು ಮೇಜಿಗೆ ಬಡಿದು ಕಣ್ಣಲ್ಲಿ ನೀರು ಬಂತು, ಕನ್ನಡಕ ಜಾರಿ ನಾಯಕರ ಕುರ್ಚಿಯ ಹಿಂದೆ ಬಿತ್ತು. ಬಾಯಿಂದ ಹೊರಟದ್ದು ಇಲಿಯ ಸದ್ದು.

"ಕೇಳಿಸ್ಲಿಲ್ಲ," ಎಂದರು ಅಧ್ಯಕ್ಷರು. ಯಾರೋ ನಕ್ಕರು.

ಕನ್ನಡಕವಿಲ್ಲದೆ ಸದನ ಮಸುಕಾಗಿತ್ತು. ಕೋಟು, ಪದವಿ, ಪಕ್ಷ ಎಲ್ಲ ಕಲೆಸಿಹೋಗಿ ಬರೀ ಮುಖಗಳು, ಮುಖಗಳಲ್ಲಿ ಬಾಯಿಗಳು. ಬಾಯಿಗಳಿಗೆ ಅವಳು ಹೆದರುವವಳಲ್ಲ. ಕುರ್ಚಿ ಹಿಡಿದು ನಡುಗುವ ದೊಡ್ಡ ದೊಡ್ಡ ಗಂಡಸರಿಗೆ, ತೆಗೀರಿ, ಇನ್ನೂ ದೊಡ್ಡದಾಗಿ ತೆಗೀರಿ ಎಂದು ಹೇಳುವ ದನಿ ಎಲ್ಲಿತ್ತೋ ಅಲ್ಲಿಂದ ಎದ್ದು ಬಂತು.

"ಎಣಿಸಿ ಅಂದೆ."

ಮೈಕಿಲ್ಲದೆಯೇ ಅದು ಹಿಂದಿನ ಗೋಡೆ ಮುಟ್ಟಿ ಬಂತು. ನಗು ನಿಂತಿತು. "ಸಹೋದರಿಯರು ಅಂದ್ರಲ್ಲ, ಅದರಲ್ಲಿ ನಾನೊಬ್ಬಳು. ನನ್ನನ್ನ ಯಾರೂ ಕೇಳಿಲ್ಲ. ಈಗ ಕೇಳಿ. ಎದ್ದು ನಿಂತು ಹೇಳ್ತೀನಿ. ಎಲ್ಲರೂ ಎದ್ದು ನಿಂತು ಹೇಳ್ಲಿ."

"ನನ್ನನ್ನೂ ಕೇಳಿಲ್ಲ," ಎಂದು ಪಕ್ಕದ ಓಟಗಾರ್ತಿ ಎದ್ದಳು. ಅವಳು ಎದ್ದದ್ದು ಗುಂಡಿನ ಸದ್ದಿಗೆ ಕಾದಿದ್ದವಳ ಹಾಗಿತ್ತು.

ಅಧ್ಯಕ್ಷರು ನಿಯಮದ ಪುಸ್ತಕ ತೆರೆದು ನೋಡಿ, ಮುಚ್ಚಿ, ಎದ್ದವರನ್ನು ಕೂರಿಸಿ, ಬಾಗಿಲು ಹಾಕಲು ಹೇಳಿದರು. ಎಣಿಕೆ ಮುಗಿಯುವವರೆಗೆ ಯಾರೂ ಹೊರಗೆ ಹೋಗುವ ಹಾಗಿಲ್ಲ. ಬಾಗಿಲ ಕಡೆ ಹೊರಟಿದ್ದ ಕೆಲವರು ಏನೋ ಮರೆತವರಂತೆ ವಾಪಸು ಬಂದರು. ಸಮಿತಿಗೆ ಕಳಿಸಬೇಕು ಎನ್ನುವವರು ಎದ್ದು ನಿಲ್ಲಿ ಎಂದಾಗ ಆ ಸಭಾಂಗಣದಲ್ಲಿ ಹುಟ್ಟಿದ ಮೌನವನ್ನು ಅವಳು ಚಪ್ಪರಿಸಿ ಚಪ್ಪರಿಸಿ ಅನುಭವಿಸಿದಳು. ಆಗಷ್ಟೇ ಗಾಜು ನಡುಗಿಸಿದವರಲ್ಲಿ ಒಬ್ಬರು ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದರು. ಇನ್ನೊಬ್ಬರಿಗೆ ಕೆಮ್ಮು ಬಂತು. ಕ್ಯಾಮೆರಾ ಸಾಲಿನಿಂದ ಸಾಲಿಗೆ ತೆವಳುತ್ತಿತ್ತು; ಅದು ಹೋದ ಕಡೆಯೆಲ್ಲ ಸೊಂಟಗಳು ಕುರ್ಚಿಗೆ ಇನ್ನಷ್ಟು ಅಂಟಿದವು. ಅಲ್ಲೊಬ್ಬರು, ಇಲ್ಲೊಬ್ಬರು ಎದ್ದರು, ಅದರಲ್ಲೊಬ್ಬರು ಪಕ್ಕದವರು ಏಳಲಿಲ್ಲವೆಂದು ಕಂಡು ಬೆನ್ನು ನೀವಿಕೊಂಡು ಕೂತರು. ಎಲ್ಲರೂ ನಾಯಕರನ್ನು ನೋಡುತ್ತಿದ್ದರು. ನಾಯಕರ ಕತ್ತಿನ ಕೆಂಪು ಗೆರೆ ಇನ್ನಷ್ಟು ಕೆಂಪಾಗಿತ್ತು. ಅವರು ಏಳಲಿಲ್ಲ. ನಿರ್ಣಯ ಅವರದೇ ಪಕ್ಷದ್ದು, ಅವರೇ ಏಳಲಿಲ್ಲ.

"ಕಳಿಸುವುದು ಬೇಡ ಎನ್ನುವವರು."

ಓಟಗಾರ್ತಿ ಅವಳ ಕೈ ಹಿಡಿದುಕೊಂಡಳು, ಇಬ್ಬರೂ ಎದ್ದರು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು, ಎದುರಿನಲ್ಲಿ ಇನ್ನೊಂದು. ಮಸುಕಿನಲ್ಲಿ ಒಂದೊಂದೇ ಆಕೃತಿ ಮೇಲೇಳುತ್ತಿತ್ತು, ಈ ಕಡೆ ತಿಳಿ ಬಣ್ಣದ ಬಟ್ಟೆಗಳು ಒಂದು ಹಿಡಿ, ಆ ಕಡೆ ಅಲ್ಲೊಬ್ಬರು ಇಲ್ಲೊಬ್ಬರು, ಹೆಂಗಸರು ಎಷ್ಟು ಕಡಿಮೆ ಎಂದು ಮೊದಲ ಸಲ ಎಲ್ಲರ ಕಣ್ಣಿಗೂ ಬೀಳುವ ಹಾಗೆ. ಇಷ್ಟೇನಾ ಎಂದುಕೊಂಡಳು. ಆಮೇಲೆ ಮುದುಕರೊಬ್ಬರು ಕೋಲೂರಿ ಎದ್ದರು. ಆಮೇಲೆ ಒಬ್ಬ ತರುಣ ಸದಸ್ಯ, ಆಚೆ ಈಚೆ ನೋಡದೆ. ಆಮೇಲೆ ಕ್ಯಾಮೆರಾ ಆ ಕಡೆ ತಿರುಗಿದ್ದೇ ತಡ, ಒಂದು ಸಾಲಿಗೆ ಸಾಲೇ ಎದ್ದಿತು, ಅದನ್ನು ನೋಡಿ ಎದುರಿನ ಸಾಲು, ತಾವೆಲ್ಲಿ ಹಿಂದೆ ಬೀಳುತ್ತೇವೋ ಎಂಬ ಗಾಬರಿಯಲ್ಲಿ. ಕರವಸ್ತ್ರಗಳು ಜೇಬು ಸೇರಿದವು. ಕಡೆಗೆ ನಾಯಕರು ಎದ್ದು, ಕೋಟು ಎಳೆದುಕೊಂಡು, ಮೊದಲಿನಿಂದಲೂ ಇದೇ ತಮ್ಮ ಯೋಚನೆಯಾಗಿತ್ತು ಎನ್ನುವ ಹಾಗೆ ಕ್ಯಾಮೆರಾದ ಕಡೆ ಕತ್ತು ನೆಟ್ಟಗೆ ಮಾಡಿದರು. ಅವಳಿಗೆ ನಗು ತಡೆಯಲಾಗಲಿಲ್ಲ. ಇವರು ಯಾರೂ ಬದಲಾಗಿಲ್ಲ. ಎದ್ದು ನಿಂತಿದ್ದಾರೆ, ಅಷ್ಟೇ. ಸಾಕು. ಇವತ್ತಿಗೆ ಎದ್ದು ನಿಂತರೆ ಸಾಕು.

ಸಂಜೆಯ ಹೊತ್ತಿಗೆ ಮಸೂದೆ ಅಂಗೀಕಾರವಾಗುತ್ತದೆಂದು, ಪಕ್ಷ ಅವಳನ್ನು ಹೊರಗೆ ಹಾಕುವ ಧೈರ್ಯ ಮಾಡದೆ ಕಡೆಯ ಸಾಲಿಗೆ, ಕಂಬದ ಮರೆಗೆ ಕಳಿಸುತ್ತದೆಂದು, ಮುಂದಿನ ಚುನಾವಣೆ ಮುಗಿದ ಮೇಲೆ ಆ ಕಂಬದ ಸುತ್ತಲೂ ಹೆಂಗಸರಿಗೆ ಕೂರಲು ಜಾಗ ಸಾಲದೆ ಹೋಗುತ್ತದೆಂದು ಅವಳಿಗೆ ಆಗ ಗೊತ್ತಿರಲಿಲ್ಲ. ನಿರ್ಣಯ ಬಿದ್ದುಹೋಗಿದೆ, ಚರ್ಚೆ ಈಗಲೇ ಶುರುವಾಗಲಿ ಎಂದು ಅಧ್ಯಕ್ಷರು ಹೇಳಿದ್ದು ಕೇಳಿಸಿತು. ಟೀಚರಮ್ಮ ಆಚೆಯಿಂದ ಎರಡೂ ಕೈ ಮೇಲೆತ್ತಿ, ನೋವಿಗೋ ಸಂತೋಷಕ್ಕೋ ಕೂಗುತ್ತಿದ್ದರು. ನಾಯಕರು ಬಗ್ಗಿ ಕನ್ನಡಕ ಹೆಕ್ಕಿ, ಕರವಸ್ತ್ರದಿಂದ ಒರೆಸಿ, ಅವಳ ಕೈಗೆ ಕೊಟ್ಟರು, ಅವಳು ಹಾಕಿಕೊಂಡಳು. ಗಡಿಯಾರ ಬೆನ್ನು ಬಗ್ಗಿಸಿಕೊಂಡು ಸಾಲಿನೊಳಗೆ ನುಸುಳಿ ಬಂದರು. ಹಣೆ ಬೆವೆತಿತ್ತು.

"ಮೇಡಂ, ಇದು ಚರ್ಚೆಗೆ ಬರತ್ತೆ ಅಂತ ಯಾರೂ... ನಮ್ಮ ಕಡೆಯಿಂದ ಮಾತಾಡೋಕೆ ಒಬ್ರೂ ತಯಾರಾಗಿಲ್ಲ. ನೀವೇ ಶುರು ಮಾಡ್ಬಿಡಿ. ಎರಡು ನಿಮಿಷ."

"ಸಾಲಲ್ಲ."

"ಐದು."

"ಎಷ್ಟು ಬೇಕೋ ಅಷ್ಟು."

ಅವಳು ಓಟಗಾರ್ತಿಯ ಕಾಲು ದಾಟಿ, ನಾಯಕರ ಬೆನ್ನ ಹಿಂದಿನ ಆ ಜಾಗವನ್ನು ಖಾಲಿ ಬಿಟ್ಟು, ಹಜಾರದ ಮೈಕಿನ ಬಳಿಗೆ ನಡೆದು ಹೋದಳು. ಮೈಕು ಗಂಡಸರ ಎತ್ತರಕ್ಕಿತ್ತು. ಅದನ್ನು ತಿರುಗಿಸಿ, ಎಳೆದು, ತನ್ನ ಬಾಯಿಯ ಮಟ್ಟಕ್ಕೆ ಇಳಿಸಿದಳು. ಅದು ಕಿರ್ರೆಂದಿತು. ಪಕ್ಕದಲ್ಲಿ ಸದಸ್ಯರಿಗೆಂದು ಇಟ್ಟಿದ್ದ ನೀರಿನ ಲೋಟವಿತ್ತು. ಎತ್ತಿಕೊಂಡಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಅಧ್ಯಕ್ಷರು, ನಾಯಕರು, ಎರಡೂ ಕಡೆಯ ಅಷ್ಟೂ ಗಂಡಸರು, ಕೆಂಪು ದೀಪದ ಆಚೆ ಇಡೀ ದೇಶ. ಅವಳು ಒಂದೊಂದೇ ಗುಟುಕು, ಲೋಟ ಖಾಲಿಯಾಗುವವರೆಗೆ, ನಿಧಾನವಾಗಿ ಕುಡಿದಳು. ಅವರು ಕಾದರು.